ಬೈಕಿನ ನಡುಕ, ಲೊಟಲೊಟ ಸದ್ದು: ಹುಡುಕುವ ಕ್ರಮ, ಬಿಗಿ ಮಾಡುವ ಕ್ರಮ

"ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದೆ, ಸದ್ದು ಮಾತ್ರ ಹೋಗಲಿಲ್ಲ" ಎನ್ನುವವರೇ ಹೆಚ್ಚು. ಕೆಲವರ ಪಾಡು ಇನ್ನೂ ವಿಚಿತ್ರ: ಬಿಗಿ ಮಾಡಿದ ಮೇಲೆ ನಡುಕ ಹೆಚ್ಚಾಯಿತಂತೆ. ಇಬ್ಬರೂ ಮಾಡಿದ ತಪ್ಪು ಒಂದೇ. ಸದ್ದು ಎಲ್ಲಿಂದ ಹೊರಡುತ್ತಿದೆ ಎಂದು ತಿಳಿಯುವ ಮೊದಲೇ ಸ್ಪ್ಯಾನರ್ ಎತ್ತಿಕೊಂಡರು. ಬೈಕಿನ ಬೋಲ್ಟುಗಳಲ್ಲಿ ಎರಡು ಜಾತಿ. ಎಂಜಿನ್ನನ್ನು ಚಾಸಿಗೆ ಕಚ್ಚಿ ಹಿಡಿಯುವ ಬೋಲ್ಟುಗಳು ಬಿಗಿಯಾಗಿಯೇ ಇರಬೇಕು. ಟ್ಯಾಂಕ್, ಮಡ್‌ಗಾರ್ಡ್, ಸೈಡ್ ಪ್ಯಾನೆಲ್‌ಗಳನ್ನು ಹಿಡಿಯುವ ಬೋಲ್ಟುಗಳ ನಡುವೆ ರಬ್ಬರ್ ಕೂತಿರುತ್ತದೆ, ಆ ರಬ್ಬರಿಗೆ ಉಸಿರಾಡಲು ಜಾಗ ಬೇಕು. ಎರಡನ್ನೂ ಒಂದೇ ಕೈಬಲದಲ್ಲಿ ತಿರುಗಿಸಿದರೆ ರಬ್ಬರ್ ಜಜ್ಜಿ ಕಲ್ಲಾಗುತ್ತದೆ, ಎಂಜಿನ್ನಿನ ಅದುರು ನೇರವಾಗಿ ತಗಡಿಗೆ ಹೋಗಿ ತಗಡು ಹಾಡತೊಡಗುತ್ತದೆ.

ಇಲ್ಲಿರುವುದು 100ರಿಂದ 160 ಸಿಸಿಯ, ಒಂದೇ ಸಿಲಿಂಡರಿನ, ದಿನಬಳಕೆಯ ಬೈಕಿಗೆ ಹೊಂದುವ ಕ್ರಮ. 350 ಸಿಸಿ ಬೈಕಿಗೂ ಬಹುಪಾಲು ಇದೇ ನಡೆಯುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಒಂಟಿ ಸಿಲಿಂಡರ್ ಎಂಜಿನ್ ಅದುರಿಯೇ ಅದುರುತ್ತದೆ. 6000 ಆರ್‌ಪಿಎಂನಲ್ಲಿ ಪಿಸ್ಟನ್ ಸೆಕೆಂಡಿಗೆ 100 ಬಾರಿ ಮೇಲೆ ಹೋಗಿ ಕೆಳಗೆ ಬರುತ್ತದೆ. ಬೈಕ್ ಹೊಸದಾಗಿದ್ದಾಗಲೂ ಇದ್ದ ಜುಮುಜುಮು ಯಾವ ರಿಪೇರಿಗೂ ಹೋಗುವುದಿಲ್ಲ. ನಾವು ಹುಡುಕುವುದು ಹೊಸದಾಗಿ ಬಂದ ನಡುಕವನ್ನು, ಹೊಸದಾಗಿ ಬಂದ ಸದ್ದನ್ನು.

ಬೇಕಾದ ಸಾಮಾನು

8, 10, 12, 14, 17 ಮತ್ತು 19ರ ರಿಂಗ್ ಸ್ಪ್ಯಾನರುಗಳು, 5 ಮತ್ತು 6ರ ಅಲೆನ್ ಕೀ, ಒಂದು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್. ಎರಡು ತುದಿಯೂ ಬಾಯಿ ತೆರೆದ ಸ್ಪ್ಯಾನರ್ ಮಾತ್ರ ಇದ್ದರೆ ಬೋಲ್ಟಿನ ತಲೆ ಉರುಟಾಗುವುದು ಖಂಡಿತ, ರಿಂಗ್ ಇರುವುದನ್ನೇ ಬಳಸಿ. ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಉತ್ತಮ, ಸ್ನೇಹಿತರಿಂದ ಎರವಲು ತಂದರೂ ಸಾಕು.

ಜೊತೆಗೆ ಹಳೆಯ ಸೈಕಲ್ ಟ್ಯೂಬಿನ ತುಂಡು, ಫೋಮ್ ಟೇಪ್, ಎರಡು ಪ್ಲಾಸ್ಟಿಕ್ ಟೈ, ಸ್ವಲ್ಪ ಗ್ರೀಸ್, ನೀಲಿ ಬಣ್ಣದ ಥ್ರೆಡ್ ಲಾಕರ್ (ನಟ್ಟು ಸಡಿಲವಾಗದಂತೆ ಹಿಡಿಯುವ ಅಂಟು), ಮನೆಯಲ್ಲಿ ಯಾರೂ ಬಳಸದೆ ಉಳಿದ ಒಂದು ನೇಲ್ ಪಾಲಿಶ್ ಶೀಶೆ. ಕೊನೆಯದು ತಮಾಷೆಗೆ ಹೇಳಿದ್ದಲ್ಲ, ಅದರ ಕೆಲಸ ಮುಂದೆ ಬರುತ್ತದೆ. ಕೆಂಪು ಥ್ರೆಡ್ ಲಾಕರ್ ತರಬೇಡಿ. ಅದು ಹಿಡಿದರೆ ಬಿಸಿ ಮಾಡದೆ ಬಿಡುವುದಿಲ್ಲ.

ಹಂತ 1: ತೊಳೆಯಿರಿ, ಖಾಲಿ ಮಾಡಿ

ಕೆಸರು ಮೆತ್ತಿದ ಬೈಕಿನಲ್ಲಿ ಏನೂ ಕಾಣುವುದಿಲ್ಲ. ತೊಳೆದು, ಒಣಗಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ ಬಿಸಿಲಿನಲ್ಲಿ ನಿಲ್ಲಿಸಿ. ಆಮೇಲೆ ಬೈಕಿಗೆ ಸೇರದ ಎಲ್ಲವನ್ನೂ ತೆಗೆಯಿರಿ. ಕೀಲಿಗೊಂಚಲು, ಹ್ಯಾಂಡಲ್‌ಗೆ ಕಟ್ಟಿದ ಹೆಲ್ಮೆಟ್ಟಿನ ಬೀಗ, ಮೊಬೈಲ್ ಹೋಲ್ಡರ್, ಸೈಡ್ ಪ್ಯಾನೆಲ್ ಒಳಗಿನ ಟೂಲ್ ಕಿಟ್, ಸೀಟಿನಡಿ ಮಡಚಿಟ್ಟ ಆರ್‌ಸಿ ಪ್ಲಾಸ್ಟಿಕ್ ಡಬ್ಬಿ. ಇಷ್ಟಾದ ಮೇಲೆ ಒಂದು ಸುತ್ತು ಹೋಗಿ ಬನ್ನಿ. ಸದ್ದು ಮಾಯವಾಗಿದ್ದರೆ ಟೂಲ್ ಕಿಟ್ಟನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಇಟ್ಟುಬಿಡಿ. ಕೆಲಸ ಮುಗಿಯಿತು.

ಸೀರೆ ಗಾರ್ಡ್ ಲೊಟಗುಟ್ಟುತ್ತದೆ ಎಂದು ಅದನ್ನೇ ಕಿತ್ತೆಸೆಯುವವರಿದ್ದಾರೆ. ಹಿಂದಿನ ಚಕ್ರದ ರಕ್ಷಣೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಹಿಂದೆ ಕೂತವರ ಸೆರಗು ಕಡ್ಡಿಗೆ ಸಿಕ್ಕಿದರೆ ಆಗುವ ಅನಾಹುತದ ಮುಂದೆ ಸದ್ದು ಏನೂ ಅಲ್ಲ. ಅದನ್ನು ಬಿಗಿ ಮಾಡಿ, ತೆಗೆಯಬೇಡಿ.

ಹಂತ 2: ಸದ್ದು ಯಾರ ಬೆನ್ನು ಹಿಡಿದಿದೆ?

ಈ ಹಂತಕ್ಕೆ ಅರ್ಧ ಗಂಟೆ ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಸದ್ದು ಮೂರರಲ್ಲಿ ಒಂದರ ಬೆನ್ನು ಹಿಡಿದಿರುತ್ತದೆ: ಎಂಜಿನ್ನಿನ ವೇಗ, ಚಕ್ರದ ವೇಗ, ಇಲ್ಲವೇ ರಸ್ತೆಯ ಗುಂಡಿ.

ಮೊದಲನೆಯದು, ನಿಂತಲ್ಲೇ ಪರೀಕ್ಷೆ. ಬಯಲಿನಲ್ಲಿ ಬೈಕ್ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆ ಪ್ರಾಣಕ್ಕೆ ಅಪಾಯ. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರನ್ನು ನಿಧಾನವಾಗಿ ಏರಿಸಿ, ಇಳಿಸಿ. ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಮಾತ್ರ 'ಝಿರ್' ಎಂದು ಎದ್ದು, ದಾಟಿದ ಕೂಡಲೇ ನಿಂತರೆ ಯಾವುದೋ ತಗಡು ಅಥವಾ ಪ್ಲಾಸ್ಟಿಕ್ ಆ ವೇಗಕ್ಕೆ ಅನುರಣಿಸುತ್ತಿದೆ ಎಂದರ್ಥ. 3ನೇ ಹಂತಕ್ಕೆ ಹೋಗಿ. ವೇಗ ಏರಿದಷ್ಟೂ ಸದ್ದು ಏರಿದರೆ ಸೈಲೆನ್ಸರ್, ಎಂಜಿನ್ ಮೌಂಟಿಂಗ್ ಅಥವಾ ಎಂಜಿನ್ ಒಳಗಿನ ತೊಂದರೆ: 4, 5 ಮತ್ತು 8.

ಎರಡನೆಯದು, ಕ್ಲಚ್ ಪರೀಕ್ಷೆ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗಕ್ಕೆ ಹೋಗಿ ಕ್ಲಚ್ ಹಿಡಿದು ಆಕ್ಸಿಲರೇಟರ್ ಪೂರ್ತಿ ಬಿಡಿ. ಎಂಜಿನ್ ವೇಗ ಇಳಿಯಿತು, ಚಕ್ರ ಮಾತ್ರ ಓಡುತ್ತಿದೆ. ನಡುಕ ಈಗಲೂ ಇದ್ದರೆ ಅದು ಚಕ್ರ, ಟಯರ್, ಚೈನ್ ಅಥವಾ ಬ್ರೇಕಿನದು: 6 ಮತ್ತು 7. ಹೋದರೆ ಅದು ಎಂಜಿನ್ ಕಡೆಯದು. ಹಿಂದೆ ವಾಹನ ಬರುತ್ತಿಲ್ಲ ಎಂದು ಖಚಿತಪಡಿಸಿಕೊಂಡೇ ಇದನ್ನು ಮಾಡಿ.

ಕೈಗೂ ಈ ವ್ಯತ್ಯಾಸ ಗೊತ್ತಾಗುತ್ತದೆ. 18 ಇಂಚಿನ ಚಕ್ರ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 9 ಸುತ್ತು ತಿರುಗುತ್ತದೆ. ಅಷ್ಟು ನಿಧಾನದ ನಡುಕವನ್ನು ಎಣಿಸಲಾಗದಿದ್ದರೂ ಒಂದೊಂದಾಗಿ ಅನುಭವಿಸಬಹುದು, ಹ್ಯಾಂಡಲ್ ಕುಣಿದಂತೆ ಇರುತ್ತದೆ. ಎಂಜಿನ್ನಿನ ಅದುರು ಅದರ ಹತ್ತು ಪಟ್ಟು ವೇಗದ್ದು. ಅದು ಕುಣಿಸುವುದಿಲ್ಲ, ಅಂಗೈಯನ್ನು ಜೋಮು ಹಿಡಿಸುತ್ತದೆ. ಕುಣಿದರೆ ಚಕ್ರ, ಜೋಮು ಹಿಡಿದರೆ ಎಂಜಿನ್.

ಮೂರನೆಯದು, ಹಂಪ್ ಪರೀಕ್ಷೆ. ಎಂಜಿನ್ ಯಾವ ವೇಗದಲ್ಲಿದ್ದರೂ ಬಾರದ ಸದ್ದು ಹಂಪ್ ಅಥವಾ ಗುಂಡಿ ಹತ್ತಿದಾಗ ಮಾತ್ರ 'ಟಕ್' ಎಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್), ಶಾಕ್ ಅಬ್ಸಾರ್ಬರ್, ಸ್ಟ್ಯಾಂಡಿನ ಸ್ಪ್ರಿಂಗ್ ಅಥವಾ ಚೈನ್ ಕವರ್ ನೋಡಬೇಕು.

ಕಂಡದ್ದನ್ನು ಚೀಟಿಯಲ್ಲಿ ಬರೆಯಿರಿ: ಯಾವ ಗೇರ್, ಎಷ್ಟು ವೇಗ, ಬಿಸಿಯಾದಾಗಲೋ ತಣ್ಣಗಿದ್ದಾಗಲೋ.

ಹಂತ 3: ಕೈಯಿಂದ ಒತ್ತಿ ಹುಡುಕುವುದು

ಒಬ್ಬರು ಸದ್ದು ಬರುವ ಆರ್‌ಪಿಎಂನಲ್ಲೇ ಎಂಜಿನ್ನನ್ನು ಹಿಡಿದಿರಲಿ. ಇನ್ನೊಬ್ಬರು ಮುಂದಿನಿಂದ ಹಿಂದಕ್ಕೆ ಒಂದೊಂದೇ ಭಾಗವನ್ನು ಅಂಗೈಯಿಂದ ಒತ್ತುತ್ತ ಬರಲಿ. ಹೆಡ್‌ಲೈಟ್ ಡೂಮ್, ಅದರ ಗಾಜು, ಮೀಟರ್, ಕನ್ನಡಿಗಳು, ಮುಂದಿನ ಮಡ್‌ಗಾರ್ಡ್, ಟ್ಯಾಂಕ್, ಸೈಡ್ ಪ್ಯಾನೆಲ್, ಸೀಟು, ನಂಬರ್ ಪ್ಲೇಟ್. ಒತ್ತಿದ ಕೂಡಲೇ ಸದ್ದು ಸತ್ತರೆ ಕಳ್ಳ ಸಿಕ್ಕಂತೆ. ಸೈಲೆನ್ಸರನ್ನು, ಎಂಜಿನ್ನನ್ನು ಬರಿಗೈಯಿಂದ ಮುಟ್ಟಬೇಡಿ. ಚೈನಿನ ಹತ್ತಿರ ಬೆರಳು ಒಯ್ಯಲೇಬೇಡಿ.

ಸಿಗದಿದ್ದರೆ ಎಂಜಿನ್ ಆರಿಸಿ ಉಜ್ಜಿದ ಗುರುತು ಹುಡುಕಿ. ಒಂದಕ್ಕೊಂದು ಬಡಿಯುವ ಎರಡು ಲೋಹಗಳು ಎಂದೂ ಸಾಕ್ಷಿ ಬಿಡದೆ ಇರುವುದಿಲ್ಲ. ನನ್ನ ಬೈಕಿನಲ್ಲಿ ನಾಲ್ಕನೇ ಗೇರ್‌ನಲ್ಲಿ, ಸುಮಾರು 52 ಕಿ.ಮೀ. ವೇಗದಲ್ಲಿ ಮಾತ್ರ ಹ್ಯಾಂಡಲ್ ಬುಡದಿಂದ 'ಝಿರ್' ಎನ್ನುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಕೋನ್ ಸೆಟ್ ಹೋಗಿದೆ ಎಂದರು, ಹಾಕಿಸಿದೆ, ಸದ್ದು ಹಾಗೆಯೇ ಉಳಿಯಿತು. ಎರಡು ಭಾನುವಾರ ಕಳೆದ ಮೇಲೆ ಡೂಮ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದರೆ, ಹಾರ್ನ್ ಹಿಡಿದಿರುವ ಪಟ್ಟಿಯ ಅಂಚಿನಲ್ಲಿ ರಾಗಿಕಾಳಿನಷ್ಟು ಜಾಗದ ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿತ್ತು. ಎದುರಿನ ಬ್ರಾಕೆಟ್ ಮೇಲೂ ಅಂಥದೇ ಇನ್ನೊಂದು ಚುಕ್ಕೆ. ಹಾರ್ನ್ ಯಾವಾಗಲೋ ಅರ್ಧ ಬೆರಳಿನಷ್ಟು ತಿರುಗಿ ಬ್ರಾಕೆಟ್ಟಿಗೆ ತಾಗುತ್ತಿತ್ತು. 12ರ ಸ್ಪ್ಯಾನರ್, ಒಂದು ನಿಮಿಷದ ಕೆಲಸ. ಅಂದಹಾಗೆ, ಹಾರ್ನಿನ ಆ ಪಟ್ಟಿ ತೆಳ್ಳಗಿರುವುದು ಬೇಕೆಂದೇ. ಅದು ಸ್ವಲ್ಪ ಅದುರಿದರೇ ಹಾರ್ನ್ ಸರಿಯಾಗಿ ಕೂಗುವುದು. ಗಟ್ಟಿ ಕಬ್ಬಿಣದ ಪಟ್ಟಿ ಹಾಕಿಸಬೇಡಿ.

ಇನ್ನು ರಬ್ಬರಿನ ವಿಷಯ. ಟ್ಯಾಂಕ್ ಅಥವಾ ಮಡ್‌ಗಾರ್ಡ್ ಬೋಲ್ಟ್ ಬಿಚ್ಚಿದಾಗ ರಬ್ಬರಿನ ತೂತಿನೊಳಗೆ ಒಂದು ಸಣ್ಣ ಕಬ್ಬಿಣದ ಕೊಳವೆ ಇರಬೇಕು, ಮೆಕ್ಯಾನಿಕ್‌ಗಳು ಕಾಲರ್ ಎನ್ನುತ್ತಾರೆ. ಬೋಲ್ಟ್ ಬಿಗಿಯುವುದು ಆ ಕಾಲರಿಗೆ, ರಬ್ಬರಿಗಲ್ಲ. ಯಾರೋ ಸರ್ವಿಸ್ ಮಾಡುವಾಗ ಕಾಲರ್ ಬೀಳಿಸಿ ಹಾಗೇ ಜೋಡಿಸಿಬಿಟ್ಟಿರುವುದು ಬಹಳ ಸಾಮಾನ್ಯ. ಆಗ ಎಷ್ಟು ಬಿಗಿ ಮಾಡಿದರೂ ರಬ್ಬರ್ ಜಜ್ಜುತ್ತದೆ, ಬಿಟ್ಟರೆ ಲೊಟಲೊಟ. ಕಾಲರ್, ರಬ್ಬರ್ ಎರಡೂ ಬಿಡಿಭಾಗದ ಅಂಗಡಿಯಲ್ಲಿ ಅಗ್ಗಕ್ಕೇ ಸಿಗುತ್ತವೆ, ಹಳೆಯದನ್ನು ಮಾದರಿಗೆ ಕೊಂಡೊಯ್ಯಿರಿ. ಸೈಡ್ ಪ್ಯಾನೆಲ್ಲಿನ ಗುಬುಟು ಕೂರುವ ರಬ್ಬರ್ ಬಳೆ (ಗ್ರೋಮೆಟ್) ಸಡಿಲವಾಗಿದ್ದರೆ ಹೊಸದು ಸಿಗುವವರೆಗೆ ಸೈಕಲ್ ಟ್ಯೂಬಿನ ಒಂದು ಸುತ್ತು ಸಾಕು. ಪ್ಲಾಸ್ಟಿಕ್ ಭಾಗಗಳ ಸ್ಕ್ರೂಗೆ ಥ್ರೆಡ್ ಲಾಕರ್ ಹಾಕಬೇಡಿ. ಅನೇಕ ಪ್ಲಾಸ್ಟಿಕ್‌ಗಳು ಅದು ತಾಗಿದರೆ ಸೀಳುತ್ತವೆ.

ಅತಿ ಸುರಕ್ಷಿತ ನೋಂದಣಿ ಫಲಕ (ಎಚ್‌ಎಸ್‌ಆರ್‌ಪಿ) ಹಾಕಿಸಿದ ಮೇಲೆ ಶುರುವಾದ ಚರಚರ ಸದ್ದಿನ ದೂರು ಬೇಕಾದಷ್ಟಿದೆ. ಹಿಂದಿನ ಫಲಕದ ಸ್ನ್ಯಾಪ್ ಲಾಕ್ ಬಿಚ್ಚಿ ಬಿಗಿ ಮಾಡುವಂಥದ್ದಲ್ಲ, ಒಡೆದರೆ ಮತ್ತೆ ಅರ್ಜಿ, ಮತ್ತೆ ಓಡಾಟ. ಅದನ್ನು ಮುಟ್ಟದೆ ಫಲಕಕ್ಕೂ ಬ್ರಾಕೆಟ್ಟಿಗೂ ನಡುವೆ ಫೋಮ್ ಟೇಪಿನ ಎರಡು ತುಂಡುಗಳನ್ನು ಕಡ್ಡಿಯಿಂದ ತೂರಿಸಿ.

ಹಂತ 4: ಸೈಲೆನ್ಸರ್

ಎಂಜಿನ್ ಪೂರ್ತಿ ತಣ್ಣಗಾಗಲಿ. ಸೈಲೆನ್ಸರನ್ನು ಅಂಗೈಯಿಂದ ಗುದ್ದಿ. ಒಳಗೆ ಡಬ್ಬಿಯಲ್ಲಿ ಕಲ್ಲು ಉರುಳಿದಂತೆ ಕೇಳಿದರೆ ಒಳಗಿನ ತಡೆತಗಡು ಕಳಚಿದೆ, ಹೊರಗಿನ ಯಾವ ಬೋಲ್ಟೂ ಅದನ್ನು ಸರಿಮಾಡದು. ಹೊರಗಿನ ಹೀಟ್ ಶೀಲ್ಡ್ ಮಾತ್ರ ಅಲುಗಿದರೆ ಅದರ ಸ್ಕ್ರೂಗಳಡಿ ಶಾಖ ತಡೆಯುವ ವಾಷರ್ ಹಾಕಿ, ಸೈಕಲ್ ಟ್ಯೂಬು ಇಲ್ಲಿ ಬೇಡ, ಕರಗಿ ವಾಸನೆ ಬರುತ್ತದೆ.

ಸಿಲಿಂಡರ್ ಹೆಡ್ಡಿಗೆ ಪೈಪು ಕೂರುವ ಕಡೆ ಎರಡು ನಟ್‌ಗಳಿವೆ. ಅಲ್ಲಿ ಕಪ್ಪು ಮಸಿ ಹರಡಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ 'ಚಟ್ ಚಟ್' ಎಂದರೆ ಗ್ಯಾಸ್ಕೆಟ್ ಸೋರುತ್ತಿದೆ. ಹೊಸ ಗ್ಯಾಸ್ಕೆಟ್ ಹಾಕಿ, ಎರಡು ನಟ್‌ಗಳನ್ನೂ ಕೈಯಲ್ಲಿ ಕೂರಿಸಿ, ಆಮೇಲೆ ಅರ್ಧರ್ಧ ಸುತ್ತಿನಂತೆ ಒಂದಾದ ಮೇಲೊಂದು ಬಿಗಿಯುತ್ತ ಬನ್ನಿ. ಹಿಂದಿನ ಸೈಲೆನ್ಸರ್ ಬೋಲ್ಟನ್ನು ಎಲ್ಲಕ್ಕಿಂತ ಕೊನೆಯಲ್ಲಿ ಬಿಗಿಯಿರಿ. ಅದನ್ನು ಮೊದಲು ಬಿಗಿದರೆ ಪೈಪು ಎಳೆತದಲ್ಲಿ ಕೂತು ಬಿಸಿಯಾದ ಮೇಲೆ ಮತ್ತೆ ಸೋರುತ್ತದೆ.

ಹಂತ 5: ಎಂಜಿನ್ ಮೌಂಟಿಂಗ್ ಬೋಲ್ಟುಗಳು

ಪಾದ, ಸೀಟು, ಹ್ಯಾಂಡಲ್ ಮೂರಕ್ಕೂ ಒಮ್ಮೆಗೇ ಜೋಮು ಹೆಚ್ಚಾಗಿದ್ದರೆ ಇಲ್ಲಿ ನೋಡಿ. ಸಡಿಲವಾದ ಬೋಲ್ಟಿನ ಸುತ್ತ ತುಕ್ಕಿನ ಕೆಂಪು ಪುಡಿ ಅಥವಾ ಕಪ್ಪು ಗೆರೆ ಇರುತ್ತದೆ, ಬಣ್ಣ ಬಿರಿದಿರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಎಲ್ಲ ಬೋಲ್ಟೂ ತುಕ್ಕು ಹಿಡಿಯುವುದರಿಂದ ಅಲ್ಲಿನವರು ತುಕ್ಕನ್ನಲ್ಲ, ಪುಡಿಯನ್ನು ನೋಡಬೇಕು.

ಇಲ್ಲಿ ಕ್ರಮವೇ ಮುಖ್ಯ. ಸಡಿಲವಾದ ಒಂದನ್ನೇ ಬಿಗಿದರೆ ಎಂಜಿನ್ ಓರೆಯಾಗಿ ಕೂರುತ್ತದೆ. ಬಿಗಿ ಮಾಡಿದ ಮೇಲೆ ಅದುರು ಹೆಚ್ಚಾಯಿತು ಎನ್ನುವವರ ಕಥೆ ಹಲವು ಸಲ ಇದೇ.

1. ಎಂಜಿನ್ ಕೆಳಗೆ ಮರದ ತುಂಡಿಟ್ಟು ಭಾರ ಹೊರಿಸಿ. ಸಂಪ್‌ನ (ಆಯಿಲ್ ನಿಲ್ಲುವ ಎಂಜಿನ್ ತಳ) ತೆಳುವಾದ ಜಾಗಕ್ಕೆ ಜಾಕ್ ನೇರವಾಗಿ ತಾಗಬಾರದು.

2. ಎಲ್ಲ ಮೌಂಟಿಂಗ್ ನಟ್‌ಗಳನ್ನೂ ಒಂದೊಂದು ಸುತ್ತು ಸಡಿಲಿಸಿ. ಬಿಚ್ಚಿ ತೆಗೆಯಬೇಡಿ. ಬೋಲ್ಟಿನ ತಲೆಯನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ನಟ್ಟನ್ನು ಮಾತ್ರ ತಿರುಗಿಸಿ.

3. ಬೈಕನ್ನು ಎಡಬಲಕ್ಕೆ ಮೆಲ್ಲಗೆ ಅಲುಗಿಸಿ, ಎಂಜಿನ್ ತನ್ನ ಜಾಗದಲ್ಲಿ ತಾನೇ ಕೂರಲಿ.

4. ಎಲ್ಲವನ್ನೂ ಕೈಬಿಗಿಗೆ ತನ್ನಿ, ಆಮೇಲೆ ಸರ್ವಿಸ್ ಕೈಪಿಡಿ ಹೇಳಿದ ಕ್ರಮದಲ್ಲಿ, ಹೇಳಿದ ಬಲದಲ್ಲಿ ಬಿಗಿಯಿರಿ.

ಕೈಪಿಡಿ ಸಿಗದವರಿಗೆ ಒಂದು ಅಂದಾಜು: 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್, 8 ಮಿ.ಮೀ.ಗೆ 20ರಿಂದ 25. ಅಲ್ಯೂಮಿನಿಯಂಗೆ ಹೋಗುವ 6 ಮಿ.ಮೀ. ಬೋಲ್ಟನ್ನು ಉದ್ದ ಸ್ಪ್ಯಾನರಿನಲ್ಲಿ ತಿರುಗಿಸುವಾಗ 'ಇನ್ನೊಂಚೂರು' ಎನ್ನಿಸಿದರೆ ಅಲ್ಲೇ ನಿಲ್ಲಿಸಿ. ಆ ಇನ್ನೊಂಚೂರಿನಲ್ಲೇ ಮರೆ (ಥ್ರೆಡ್) ಕಿತ್ತು ಬರುವುದು.

ಬ್ರಾಕೆಟ್ ಅಥವಾ ಚಾಸಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬೈಕ್ ಓಡಿಸಬೇಡಿ. ವೆಲ್ಡಿಂಗ್ ಮಾಡಿಸುವುದಾದರೆ ಟ್ಯಾಂಕ್ ಇಳಿಸಿ, ಬ್ಯಾಟರಿ ಕಳಚಿ, ತಿಳಿದವರ ಕೈಯಲ್ಲೇ ಮಾಡಿಸಿ.

ಹಂತ 6: ಚೈನ್ ಮತ್ತು ಹಬ್ ರಬ್ಬರ್

ಪೂರ್ತಿ ಮುಚ್ಚಿದ ಚೈನ್ ಕವರ್ ಇರುವ ಬೈಕುಗಳಲ್ಲಿ ಕೆಳಭಾಗದಲ್ಲಿ ಒಂದು ರಬ್ಬರ್ ಮುಚ್ಚಳ ಇರುತ್ತದೆ. ಅದನ್ನು ತೆಗೆದು, ಎಂಜಿನ್ ಆರಿಸಿ, ಚೈನನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಆಡಿಸಿ. ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟ ಇರಬೇಕು, ನಿಮ್ಮ ಬೈಕಿನದ್ದು ಕೈಪಿಡಿಯಲ್ಲಿದೆ. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನಾಲ್ಕೈದು ಕಡೆ ಅಳೆಯಿರಿ. ಒಂದು ಕಡೆ ಬಿಗಿ, ಒಂದು ಕಡೆ ಜೋತು ಬಿದ್ದಿದ್ದರೆ ಚೈನ್ ಎಳೆದುಹೋಗಿದೆ, ಹೊಂದಿಸಿ ಪ್ರಯೋಜನವಿಲ್ಲ, ಸ್ಪ್ರಾಕೆಟ್ ಸಮೇತ ಬದಲಿಸಿ.

ಸಡಿಲ ಚೈನ್ ಕವರಿಗೆ ಬಡಿದು ಕಟಕಟ ಎನ್ನುತ್ತದೆ, ಅದು ಎಲ್ಲರಿಗೂ ಗೊತ್ತು. ಅತಿ ಬಿಗಿಯಾದ ಚೈನ್ 'ಗುಂಯ್' ಎಂದು ಅಳುತ್ತ ಗೇರ್‌ಬಾಕ್ಸಿನ ಬೇರಿಂಗನ್ನೇ ತಿನ್ನುತ್ತದೆ, ಇದು ಕೆಲವರಿಗೇ ಗೊತ್ತು. ಎರಡರಲ್ಲಿ ಕೆಟ್ಟದ್ದು ಎರಡನೆಯದು.

ಹೊಂದಿಸುವಾಗ ಮೊದಲು ಆಕ್ಸಲ್ ನಟ್, ಒಳಗೆ ಸ್ಲೀವ್ ನಟ್ ಇದ್ದರೆ ಅದನ್ನೂ ಸಡಿಲಿಸಿ, ಆಮೇಲೆ ಎರಡೂ ಬದಿಯ ಅಡ್ಜಸ್ಟರ್ ತಿರುಗಿಸಿ. ಎರಡು ಬದಿಯ ಗೆರೆಗಳೂ ಒಂದೇ ಅಂಕದಲ್ಲಿರಲಿ, ಇಲ್ಲದಿದ್ದರೆ ಚಕ್ರ ಸೊಟ್ಟಗೆ ಓಡುತ್ತದೆ. ಡ್ರಮ್ ಬ್ರೇಕ್ ಇದ್ದರೆ ಪೆಡಲನ್ನು ಒತ್ತಿ ಹಿಡಿದು ಆಕ್ಸಲ್ ನಟ್ ಬಿಗಿಯಿರಿ, ಬ್ರೇಕ್ ಶೂ ನಡುವಿಗೆ ಕೂರುತ್ತದೆ. ಚಕ್ರ ಹಿಂದೆ ಸರಿದದ್ದರಿಂದ ಬ್ರೇಕ್ ರಾಡ್ ಎಳೆದಿರುತ್ತದೆ, ಪೆಡಲಿನ ಆಟವನ್ನು ಮತ್ತೆ ಹೊಂದಿಸಿ. ಬ್ರೇಕ್ ಪ್ಲೇಟನ್ನು ಹಿಡಿಯುವ ಕಂಬಿಯ ನಟ್ಟು ಮತ್ತು ಅದರ ಸ್ಪ್ಲಿಟ್ ಪಿನ್ ಮರೆತರೆ ಬ್ರೇಕ್ ಹಾಕಿದಾಗ ಪ್ಲೇಟೇ ತಿರುಗಿ ಚಕ್ರ ಕಚ್ಚಿಕೊಳ್ಳಬಹುದು. ಸದ್ದಿನ ಗಲಾಟೆಯಲ್ಲಿ ಈ ಪಿನ್ ನೆಲದ ಮೇಲೇ ಉಳಿದುಬಿಡುತ್ತದೆ, ಕೆಲಸ ಮುಗಿದ ಮೇಲೆ ನೆಲ ನೋಡಿ.

ಗೇರ್ ಬದಲಿಸುವಾಗ, ಆಕ್ಸಿಲರೇಟರ್ ಬಿಟ್ಟು ಕೊಟ್ಟಾಗ ಹಿಂದಿನಿಂದ 'ಧಡ್' ಎಂದು ಎಳೆದಂತಾದರೆ ಹಬ್ (ಚಕ್ರದ ನಡುಭಾಗ) ಒಳಗಿನ ರಬ್ಬರ್‌ಗಳು ಸವೆದಿವೆ. ಚಕ್ರವನ್ನು ಗಟ್ಟಿ ಹಿಡಿದು ಸ್ಪ್ರಾಕೆಟ್ಟನ್ನು ಹಿಂದೆಮುಂದೆ ಆಡಿಸಿ. ಧಾರಾಳವಾಗಿ ಆಡಿದರೆ ಬದಲಿಸುವ ಸಮಯ.

ಹಂತ 7: ಚಕ್ರ, ಟಯರ್, ಕೋನ್ ಸೆಟ್

ಮೊದಲು ಗಾಳಿ, ಟಯರ್ ತಣ್ಣಗಿರುವಾಗ. ಆಮೇಲೆ ಟಯರಿನ ಪಕ್ಕದಲ್ಲಿ ರಿಮ್ಮಿಗೆ ಹತ್ತಿರ ಓಡುವ ಸಣ್ಣ ಗೆರೆಯನ್ನು ಸುತ್ತಲೂ ನೋಡಿ. ಗೆರೆ ಒಂದು ಕಡೆ ರಿಮ್ಮಿನೊಳಗೆ ಅಡಗಿದ್ದರೆ ಪಂಕ್ಚರ್ ಹಾಕಿದವರು ಟಯರನ್ನು ಸರಿಯಾಗಿ ಕೂರಿಸಿಲ್ಲ. ಪಂಕ್ಚರ್ ಹಾಕಿಸಿದ ಮರುದಿನದಿಂದ ಬೈಕ್ ಕುಣಿಯುತ್ತಿದ್ದರೆ ಇನ್ನೇನನ್ನೂ ಹುಡುಕಬೇಡಿ.

ಚಕ್ರ ಓರೆಯಾಗಿದೆಯೇ ಎಂದು ನೋಡಲು ಪ್ಲಾಸ್ಟಿಕ್ ಟೈ ಒಂದನ್ನು ಫೋರ್ಕಿಗೆ ಕಟ್ಟಿ, ಅದರ ತುದಿ ರಿಮ್ಮಿಗೆ ತಾಗೀತೋ ಇಲ್ಲವೋ ಎಂಬಂತೆ ಕತ್ತರಿಸಿ ಚಕ್ರ ತಿರುಗಿಸಿ. ಅಂತರ 2 ಮಿ.ಮೀ.ಗಿಂತ ಹೆಚ್ಚು ಓಲಾಡಿದರೆ ರಿಮ್ ಸರಿಮಾಡಿಸಬೇಕು. ಕಡ್ಡಿಯ ಚಕ್ರವಾದರೆ ಪ್ರತಿ ಕಡ್ಡಿಯನ್ನೂ ಚಮಚದಿಂದ ತಟ್ಟಿ: ಬಿಗಿಯಾದದ್ದು 'ಟಿಂಗ್' ಎನ್ನುತ್ತದೆ, ಸಡಿಲವಾದದ್ದು 'ಟಪ್' ಎಂದು ಸತ್ತ ಸದ್ದು ಕೊಡುತ್ತದೆ. ಕಡ್ಡಿ ಬಿಗಿಯುವ ಕೆಲಸ ಮಾತ್ರ ಚಕ್ರ ಕಟ್ಟುವವರಿಗೇ ಬಿಡಿ.

ಮುಂದಿನ ಚಕ್ರ ನೆಲ ಬಿಟ್ಟಿರಲಿ. ಫೋರ್ಕಿನ ಕೆಳತುದಿಗಳೆರಡನ್ನೂ ಹಿಡಿದು ಹಿಂದೆಮುಂದೆ ಎಳೆಯಿರಿ. 'ಟಕ್' ಎಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲನ್ನು ಎರಡು ಬೆರಳಿನಲ್ಲಿ ಎಡದಿಂದ ಬಲಕ್ಕೆ ತಿರುಗಿಸಿ. ನಡುವಿನಲ್ಲಿ ಗುಳಿಯೊಳಗೆ ಬಿದ್ದಂತೆ ನಿಂತರೆ ಬಿಗಿ ಮಾಡಿ ಉಪಯೋಗವಿಲ್ಲ, ಹೊಸದೇ ಬೇಕು. ಚಕ್ರದ ಮೇಲಂಚು, ಕೆಳಂಚು ಹಿಡಿದು ಓಲಾಡಿಸಿದಾಗ ಆಟ ಸಿಕ್ಕರೆ ಅದು ಚಕ್ರದ ಬೇರಿಂಗ್. ಈ ಎರಡರಲ್ಲಿ ಯಾವುದು ಕಂಡರೂ ರಿಪೇರಿಯಾಗುವವರೆಗೆ ಹೆದ್ದಾರಿಗೆ ಹೋಗಬೇಡಿ.

ಹಂತ 8: ಎಂಜಿನ್ ಒಳಗಿನ ಸದ್ದು

ಇಲ್ಲಿ ಮನೆಯಲ್ಲಿ ಮಾಡುವುದು ಕಡಿಮೆ. ಆಯಿಲ್ ಮಟ್ಟ ನೋಡಿ, ಕಡಿಮೆಯಿದ್ದರೆ ತುಂಬಿಸದೆ ಎಂಜಿನ್ ಚಾಲೂ ಮಾಡಬೇಡಿ. ಕಾರ್ಬೊರೇಟರ್ ಬೈಕಾದರೆ ಐಡ್ಲಿಂಗ್ ತೀರಾ ಇಳಿದಿದ್ದರೂ ಬೈಕ್ ನಿಂತಲ್ಲೇ ಕುಲುಕುತ್ತದೆ, ಸ್ಕ್ರೂ ತಿರುಗಿಸಿ 1400ರ ಆಸುಪಾಸಿಗೆ ತನ್ನಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕುಗಳಲ್ಲಿ ಬಹುಪಾಲು ಇಂಜೆಕ್ಷನ್ ಇರುವಂಥವು, ಅವುಗಳಲ್ಲಿ ಆ ಸ್ಕ್ರೂ ಹುಡುಕಬೇಡಿ.

ಟಪ್ಪೆಟ್ (ವಾಲ್ವ್ ಆಡಿಸುವ ಭಾಗ) ಸದ್ದು 'ಟಿಕ್ ಟಿಕ್' ಎಂದು ಹೆಡ್ಡಿನಿಂದ ಬರುತ್ತದೆ. ಟೈಮಿಂಗ್ ಚೈನ್ 'ಚರ್' ಎಂದು ಪಕ್ಕದಿಂದ. ಇವೆರಡೂ ಈ ವಾರದ ಕೆಲಸ, ಈ ಕ್ಷಣದ್ದಲ್ಲ. ಕೆಳಗಿನಿಂದ, ಆಳದಿಂದ, ಭಾರ ಬಿದ್ದಾಗ 'ಗಟ್ ಗಟ್' ಎಂದರೆ ಎಂಜಿನ್ ಆರಿಸಿ, ಬೈಕನ್ನು ತಳ್ಳಿಕೊಂಡೇ ಹೋಗಿ. ಇನ್ನೊಂದಿದೆ: ನಾಲ್ಕನೇ ಗೇರ್‌ನಲ್ಲಿ 25 ಕಿ.ಮೀ. ವೇಗದಲ್ಲಿ ಏರು ಹತ್ತಿಸುತ್ತ 'ಎಂಜಿನ್ ನಡುಗುತ್ತದೆ' ಎನ್ನುವುದು. ಅದಕ್ಕೆ ಮದ್ದು ಎಡಗಾಲಿನಲ್ಲಿದೆ.

ಹಂತ 9: ಗುರುತು ಹಾಕಿ, ಮತ್ತೆ ನೋಡಿ

ಬಿಗಿ ಮಾಡಿದ ಪ್ರತಿ ನಟ್ಟಿನಿಂದ ಪಕ್ಕದ ಲೋಹದ ಮೇಲೆ ಹಾಯುವಂತೆ ನೇಲ್ ಪಾಲಿಶಿನ ಒಂದು ಗೆರೆ ಎಳೆಯಿರಿ. 100 ಕಿ.ಮೀ. ಓಡಿದ ಮೇಲೆ ಗೆರೆ ನೇರವಾಗಿದ್ದರೆ ನಟ್ಟು ಕದಲಿಲ್ಲ. ಮುರಿದಿದ್ದರೆ ಅದೇ ನಟ್ಟಿಗೆ ನೀಲಿ ಥ್ರೆಡ್ ಲಾಕರ್ ಹಾಕಿ, ಹಾಕುವ ಮುನ್ನ ಮರೆಯ ಎಣ್ಣೆಯನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಎರಡನೇ ಸಲವೂ ಸಡಿಲವಾದರೆ ನಟ್ ಅಥವಾ ಬೋಲ್ಟನ್ನೇ ಬದಲಿಸಿ.

ಗ್ಯಾರೇಜಿಗೆ ಒಯ್ಯಲೇಬೇಕಾದರೆ 'ಏನೋ ಸದ್ದು ಬರುತ್ತದೆ, ನೋಡಿ' ಎನ್ನಬೇಡಿ. ಎರಡನೇ ಹಂತದಲ್ಲಿ ಬರೆದ ಚೀಟಿಯನ್ನು ಕೊಡಿ, ಮೆಕ್ಯಾನಿಕ್ಕನ್ನು ಹಿಂದೆ ಕೂರಿಸಿಕೊಂಡು ಅದೇ ಗೇರ್‌ನಲ್ಲಿ, ಅದೇ ವೇಗದಲ್ಲಿ ಒಂದು ಸುತ್ತು ಹೋಗಿ ಅವರ ಕಿವಿಗೇ ಕೇಳಿಸಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಸವೆತ ಎಲ್ಲಿದೆ ಎಂದು ಅವರಿಂದಲೇ ತೋರಿಸಿಕೊಳ್ಳಿ.